ಎಂಟನೇ ದಿನ ಏನ್ ಮಾಡ್ತೀರ?

ಶಿಡ್ಲಘಟ್ಟ ಅಂದ್ರೆ ಎಲ್ಲರಿಗೂ ನೆನಪಾಗೋದು ರೇಷ್ಮೆಗೂಡಿನ ಮಾರ್ಕೆಟ್ಟು. ಆದ್ರೆ ನಮ್ಮೂರಲ್ಲಿ ಬ್ಯೂಟಿ ಪಾರ್ಲರುಗಳಿಗೂ ಬರ ಇಲ್ಲ. ಅದರಲ್ಲೊಂದು ನಮ್ಮ ದೊಡ್ಡಮ್ಮನ ಮಗಳದ್ದು. ಅಮೆರಿಕದಲ್ಲಾದ್ರೆ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಅಕ್ಕನ ಹತ್ರ ಇರೋದು ಐಟಿಐನ ಕಾಸ್ಮೆಟಾಲಜಿ ಸರ್ಟಿಫಿಕೇಟು. ಬರೋರೆಲ್ಲ ಕೇಳೋದು ಒಂದೇ, ಬೆಳ್ಳಗಾಗ್ಬೇಕು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಹೆಸರು ಬದಲಾಯ್ತು, ಆಸೆ ಅದೇ :)

ಆದ್ರೆ ಬಣ್ಣ ಬೇಕು ಅಂತ ಬರೋರೂ ಇದ್ದಾರೆ. ತೊನ್ನು ಇರೋರು.

ಹೋದ ವರ್ಷ ಒಬ್ಬ ಹುಡುಗೀನ ಅವರಮ್ಮ ಕರ್ಕೊಂಡು ಬಂದಿದ್ರಂತೆ. ಮೊಣಕೈ ಹತ್ರ, ಬೆರಳ ತುದೀಲಿ ಬಿಳಿ ಕಲೆ. ಮದುವೆಗೆ ಇಪ್ಪತ್ತು ದಿನ. ಗಂಡಿನ ಕಡೆಯೋರಿಗೆ ಗೊತ್ತಿಲ್ಲ. "ಮದ್ವೆ ದಿನ ಕಾಣದಂಗೆ ಮಾಡಮ್ಮ, ಸಾಕು" ಅಂದ್ರಂತೆ.

ಮಾಡೋಕೆ ಆಗುತ್ತೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್ಗೆನ್‌ಸ್ಟೈನ್ ಅನ್ನೋ ಸಂಶೋಧಕಿ ಮಕ್ಕಳಿಗೆ ಡೈಹೈಡ್ರಾಕ್ಸಿಅಸಿಟೋನ್ ಕುಡಿಸ್ತಿದ್ದಾಗ, ಅದು ಚೆಲ್ಲಿದ ಕಡೆ ಚರ್ಮ ಕಂದು ಬಣ್ಣಕ್ಕೆ ತಿರುಗಿದ್ದನ್ನ ನೋಡಿದ್ರು. ಇವತ್ತಿನ ಟ್ಯಾನಿಂಗ್ ಲೋಷನ್ನುಗಳ ಮೂಲ ಅದೇ. ಆದ್ರೆ ಬಣ್ಣ ಹತ್ತೋದು ಚರ್ಮದ ಮೇಲಿನ ಸತ್ತ ಪದರಕ್ಕೆ. ಒಂದು ವಾರದಲ್ಲಿ ಅದು ಉದುರುತ್ತೆ, ಬಣ್ಣಾನೂ ಹೋಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಸ್ಕ್ರೀನ್ ಮಾತ್ರ ಬದಲಾಗಿದೆ, ಒಳಗಿನ ಪ್ರೋಗ್ರಾಂ ಹಂಗೇ ಇದೆ.

ಒಳಗಿಂದ ಬಣ್ಣ ಬರಿಸೋದು ಬೇರೆ ದಾರಿ. ಬಾಕುಚಿ ಬೀಜದಲ್ಲಿ ಸೋರಾಲೆನ್ ಇದೆ; ಅದು ಬಿಸಿಲು ತಾಕಿದಾಗ ಕೆಲಸ ಮಾಡುತ್ತೆ. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೊಫ್ತಿ ಅನ್ನೋ ಡಾಕ್ಟರು ಇಂಥದೇ ವಸ್ತುವನ್ನ ಇನ್ನೊಂದು ಗಿಡದಿಂದ ತೆಗೆದು ತೊನ್ನಿಗೆ ಕೊಟ್ಟು ನೋಡಿದ್ರು. ಹೆಚ್ಚಾದ್ರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತೆ, ಮನೇಲಿ ಪ್ರಯೋಗ ಮಾಡೋ ವಿಷಯ ಅಲ್ಲ. 2022ರಲ್ಲಿ ಅಮೆರಿಕ ತೊನ್ನಿಗೆ ರುಕ್ಸೋಲಿಟಿನಿಬ್ ಕ್ರೀಮನ್ನ ಒಪ್ಪಿತು. ಯಾವುದೇ ಆದ್ರೂ ತಿಂಗಳುಗಟ್ಟಲೆ ಕಾಯಬೇಕು.

ಅಕ್ಕ ಅವರಮ್ಮನಿಗೆ ಹೇಳಿದ್ದು ಇಷ್ಟು: "ಹಚ್ಚಿಕೊಡ್ತೀನಿ ಅಮ್ಮ. ಎಂಟನೇ ದಿನ ಏನ್ ಮಾಡ್ತೀರ?"

ಅವರು ಸಿಟ್ಟು ಮಾಡ್ಕೊಂಡು ಎದ್ದು ಹೋದ್ರು. ಹುಡುಗಿ ಮಾತ್ರ ಅವತ್ತು ರಾತ್ರಿನೇ ಗಂಡಿಗೆ ಫೋನ್ ಮಾಡಿ ಹೇಳಿಬಿಟ್ಳು. ಎರಡು ದಿನಕ್ಕೆ ಸಂಬಂಧ ಮುರೀತು. ತೊನ್ನು ಅಂಟೋದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದ್ರೂ 'ಬಿಳಿ ಕುಷ್ಠ' ಅನ್ನೋ ಆ ಹಾಳು ಹೆಸರು ಇನ್ನೂ ಬಿಟ್ಟಿಲ್ಲ ನೋಡಿ.

ಈಗ ಅವಳು ಬೆಂಗಳೂರಲ್ಲಿ ಚರ್ಮದ ಡಾಕ್ಟರಿಗೆ ತೋರಿಸ್ತಿದಾಳೆ. ಮೊಣಕೈ ಹತ್ರ ಕೂದಲ ಬುಡದಿಂದ ಸಣ್ಣ ಸಣ್ಣ ಕಂದು ಚುಕ್ಕಿ ಶುರುವಾಗಿದೆಯಂತೆ. ಬಣ್ಣದ ಜೀವಕೋಶಗಳು ಬಚ್ಚಿಟ್ಟುಕೊಂಡಿರೋದೇ ಅಲ್ಲಿ. ಬೆರಳ ತುದೀಲಿ ಕೂದಲಿಲ್ಲ, ಅಲ್ಲಿ ಬಣ್ಣ ಮರಳೋದು ಕಷ್ಟ.

"ಅದು ಇದ್ರೆ ಇರ್ಲಿ ಬಿಡಕ್ಕ" ಅಂದ್ಳಂತೆ. ಮೊನ್ನೆ ಹುಬ್ಬು ಮಾಡಿಸೋಕೆ ಬಂದಾಗ ಅರ್ಧ ತೋಳಿನ ಚೂಡಿದಾರ ಹಾಕ್ಕೊಂಡಿದ್ಳಂತೆ.