ಸ್ವಿಚ್ ತೆಗೆದ ಮೇಲೆ

ದಾಂಡೇಲಿಯಲ್ಲಿ ನಮ್ಮ ಮನೆಯ ಗಡಿಯಾರ ಮಿಲ್ಲಿನ ಭೋಂಗಾ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಲ್ಲಿ ಅಪ್ಪ ಪಾಳಿಯ ಮೇಲೆ ದುಡಿದ. ರಾತ್ರಿಪಾಳಿ ಮುಗಿಸಿ ಬಂದು ಮಲಗಿದನೆಂದರೆ ಮನೆಯಲ್ಲಿ ಪಾತ್ರೆಯೂ ಸಪ್ಪಳ ಮಾಡುವಂತಿರಲಿಲ್ಲ. ಎದ್ದಮೇಲೂ ಅವನದು ಮಾತು ಕಡಿಮೆ. ನಮ್ಮಿಬ್ಬರ ನಡುವೆ ಅದೇ ರೂಢಿಯಾಯಿತು.

ನಾನು ಓದಲು ಧಾರವಾಡಕ್ಕೆ ಹೋದಾಗ ಹಾಸ್ಟೆಲಿನ ಗೆಳೆಯನೊಬ್ಬ ಇಂಡಸ್ಟ್ರಿಯಲ್ ಮೆಟಲ್ ಹಚ್ಚಿಕೊಟ್ಟ. ಫಿಯರ್ ಫ್ಯಾಕ್ಟರಿ ಎಂಬ ಅಮೆರಿಕದ ತಂಡದ ‘ದಿ ಇಂಡಸ್ಟ್ರಿಯಲಿಸ್ಟ್’ ಬಂದದ್ದು 2012ರಲ್ಲಿ. ನೆನಪುಗಳನ್ನು ಕೂಡಿಡುತ್ತ ಹೋಗಿ ಕೊನೆಗೆ ಅರಿವು ಪಡೆಯುವ ಯಂತ್ರವೊಂದರ ಕಥೆ ಅದು. ಅದರಲ್ಲಿ ಡ್ರಮ್ಸ್‌ಗೆ ಕೂತವರು ಯಾರೂ ಇಲ್ಲ. ಪೆಟ್ಟುಗಳೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿದವು. ನಮ್ಮ ಹಳಿಯಾಳ, ಮುಂಡಗೋಡದ ಕಡೆ ಸಿದ್ದಿಯರು ಡಮಾಮಿ ಬಾರಿಸುವಾಗ ಕೈ ದಣಿದದ್ದು, ಮತ್ತೆ ಹುರುಪು ಏರಿದ್ದು ಕಿವಿಗೇ ತಿಳಿಯುತ್ತದೆ. ಇಲ್ಲಿ ದಣಿವೆಂಬುದೇ ಇಲ್ಲ. ನನಗೆ ಅದು ಮಿಲ್ಲಿನ ಗೋಡೆಯಾಚೆ ಕೇಳುತ್ತಿದ್ದ ಲಯದಂತೆಯೇ ಅನಿಸಿ ಹಿಡಿಸಿತು.

ಹತ್ತನೆಯ, ಕೊನೆಯ ಟ್ರ್ಯಾಕು ‘ಹ್ಯೂಮನ್ ಆಗ್ಮೆಂಟೇಶನ್’. ಸುಮಾರು 9 ನಿಮಿಷ; ಹಾಡುವ ದನಿ ಇಲ್ಲ. ಅಷ್ಟು ಹೊತ್ತು ಕೂಗಾಡಿದ ಮನುಷ್ಯ ಎದ್ದುಹೋದ ಜಾಗದಲ್ಲಿ ಬರೀ ಸಪ್ಪಳ. ವರ್ಷಗಟ್ಟಲೆ ನಾನದನ್ನು ಕೇಳದೇ ಬಂದ್ ಮಾಡುತ್ತಿದ್ದೆ. ಕಥೆ ಮುಗಿದಮೇಲೆ ಇನ್ನೇನು ಎಂದು.

ಅಪ್ಪ ನಿವೃತ್ತನಾದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದೆ. ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿರಲಿಲ್ಲವೋ ಏನೋ, ಕೊನೆಯ ಟ್ರ್ಯಾಕು ಮೊಬೈಲಿನಿಂದಲೇ ಹೊರಗೆ ಬಿತ್ತು. ನಿಲ್ಲಿಸಲು ಹೋದೆ.

“ಇರಲಿ, ಬಂದ್ ಮಾಡಬ್ಯಾಡ,” ಎಂದ ಅಪ್ಪ.

ಪೂರ್ತಿ ಕೇಳಿದ. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಅಂದ: “ಸ್ವಿಚ್ ತಗದ ಮ್ಯಾಲೂ ರೋಲು ತಿರಗತಿರ್ತಾವ. ಪೂರಾ ನಿಂದ್ರೂತನಾ ಹತ್ರ ಕೈ ಒಯ್ಯಬಾರದು. ಹೊಸಾ ಹುಡುಗರಿಗೆ ಮೊದಲು ಇದನ್ನ ಹೇಳತಿದ್ದೆ.”

ಸ್ವಲ್ಪ ಹೊತ್ತು ಬಿಟ್ಟು ಕೊನೆಯ ದಿನದ ಸುದ್ದಿ ತೆಗೆದ. ಹಾರ ಹಾಕಿದರಂತೆ, ಶಾಲು ಹೊದಿಸಿದರಂತೆ. ನಾಲ್ಕು ಮಾತಾಡು ಎಂದರೆ ಬಾಯಿಂದ ಒಂದು ಶಬ್ದವೂ ಬರಲಿಲ್ಲವಂತೆ. ಮನೆಗೆ ಬಂದಮೇಲೆ ಎಷ್ಟೋ ರಾತ್ರಿ ಭೋಂಗಾಕ್ಕೆ ಎದ್ದು ಕೂತು, ಚಪ್ಪಲಿ ಹುಡುಕಿ, ಮತ್ತೆ ಮಲಗಿದ್ದನಂತೆ. ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮಾತಿಲ್ಲದ ಆ 9 ನಿಮಿಷವನ್ನು ನಾನೀಗ ದಾಟಿಸುವುದಿಲ್ಲ. ಅಪ್ಪನ ಫೋನಿನಲ್ಲೂ ಹಾಗೆಯೇ. “ಮತ್ತೇನಿಲ್ಲ” ಎಂದಮೇಲೂ ಸ್ವಲ್ಪ ಹೊತ್ತು ಇಡದೇ ಹಿಡಿದಿರುತ್ತೇನೆ.