ಮಾಳಿಗಿ ಮ್ಯಾಲಿನ ಸಿನೇಮಾ

ನಮ್ಮೂರನ್ನು ನೋಡಿದವರಿಗಿಂತ ಕೇಳಿದವರೇ ಹೆಚ್ಚು. ತಾಳಿಕೋಟೆ ಅಂದೊಡನೆ ಎದುರಿಗಿದ್ದವರು '1565' ಅನ್ನುತ್ತಾರೆ. ಸಾಲಿಯಲ್ಲಿ ಬಾಯಿಪಾಠ ಮಾಡಿದ ಇಸವಿ ಅದು. ಸುಲ್ತಾನರ ದಂಡು ನಮ್ಮಲ್ಲಿ ಬೀಡುಬಿಟ್ಟಿದ್ದು ಖರೆ. ಆದರೆ ಕಾಳಗ ನಡೆದದ್ದು ಕೃಷ್ಣೆಯ ಕಡೆ. ರಕ್ತ ಅಲ್ಲಿ ಹರಿಯಿತು, ಹೆಸರು ನಮಗೆ ಅಂಟಿತು. ಹೀಗೆ ಬರೀ ಕೇಳಿಯೇ ಗೊತ್ತಿರುವ ಊರಿನಲ್ಲಿ ಹುಟ್ಟಿದ್ದಕ್ಕೋ ಏನೋ, ಸಿನೇಮಾವನ್ನೂ ನಾನು ಮೊದಲು ಕೇಳಿದೆ. ನೋಡಿದ್ದು ಬಹಳ ತಡವಾಗಿ.

ನಮ್ಮಪ್ಪ ಮಾಸ್ತರರು. ಪಿಚ್ಚರ್ ನೋಡಿದ ಹುಡುಗ ಕೆಡುತ್ತಾನೆ ಎಂಬುದು ಅವರ ಪಾಲಿಗೆ ಮಗ್ಗಿಯಷ್ಟೇ ಖಚಿತ. ನೋಡಬಾರದು ಎಂದು ಕಣ್ಣಿಗೆ ಕಟ್ಟು ಹಾಕಿದರು, ಕಿವಿಗೆ ಹಾಕುವುದನ್ನು ಮರೆತರು. ಟೂರಿಂಗ್ ಟಾಕೀಜು ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ, ಊರ ಹೊರಗಿನ ಬಯಲಿನಲ್ಲಿ ಡೇರೆ ಹೊಡೆಯುತ್ತಿತ್ತು. ಅದಕ್ಕೊಂದು ಹೆಸರೂ ಇತ್ತು, ತಗಡಿನ ಮೇಲೆ ಬರೆದೂ ಇತ್ತು. ಆದರೆ ಯಾರೂ ಆ ಹೆಸರು ಹಿಡಿದು ಕರೆದದ್ದಿಲ್ಲ. ಥೇಟರು ಅಂದರೆ ಸಾಕು. ಬಟ್ಟೆಯ ಗೋಡೆಗೆ ದನಿ ತಡೆಯುವ ತಾಕತ್ತು ಎಲ್ಲಿಂದ ಬರಬೇಕು?

ನಮ್ಮ ಕಡೆಯ ಮನೆಗಳಿಗೆ ಹೆಂಚಿಲ್ಲ. ಕಲ್ಲಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದಿ. ಬೇಸಿಗೆಯಲ್ಲಿ ಒಳಗೆ ಮಲಗಿದರೆ ಬೆಂದುಹೋಗುತ್ತೇವೆ. ಹಾಗಾಗಿ ಹೊತ್ತು ಮುಳುಗಿದರೆ ಇಡೀ ಊರೇ ಮಾಳಿಗೆ ಹತ್ತುತ್ತಿತ್ತು. ಟಾಕೀಜಿನಿಂದ ಮೊದಲು ದೇವರ ಹಾಡು ಹೊರಡುತ್ತಿತ್ತು, ಅದೇ ನಮ್ಮ ಆಯಿಯ ಗಡಿಯಾರ. ಮೊದಲನೇ ಹಾಡಿಗೆ ರೊಟ್ಟಿ ಬಡಿದು ಮುಗಿಯಬೇಕು, ಎರಡನೆಯದಕ್ಕೆ ಎಮ್ಮೆಗೆ ಕಣಿಕಿ ಬೀಳಬೇಕು, ಮೂರನೆಯದಕ್ಕೆ ನಾನು ಕೌದಿ ಹೊತ್ತು ನಿಚ್ಚಣಿಕೆ ಹತ್ತಬೇಕು.

ಕಥೆಗೆ ಮೊದಲು ಸರಕಾರದ ನ್ಯೂಸ್‌ರೀಲು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಜನ್ನಿನ ಈ ಸಮಾಚಾರ ಚಿತ್ರವನ್ನು ಟಾಕೀಜುಗಳು ತೋರಿಸಲೇಬೇಕಿತ್ತು. ಎಲ್ಲೋ ನೆರೆ, ಎಲ್ಲೋ ಅಣೆಕಟ್ಟು, ಯಾವನೋ ಗಂಭೀರ ಗಂಟಲಿನವನ ವಿವರಣೆ. ಆಯಿ ಮಗ್ಗುಲು ಬದಲಿಸುತ್ತಿದ್ದಳು: "ಇವನ ದನಿ ಕೇಳಿದ್ರ ತಾಸೀಲ್ದಾರ ಇದ್ದಂಗ ಅದಾನ. ಕಥಿ ಸುರು ಆದಮ್ಯಾಲ ಎಬ್ಬಿಸೋ ತಮ್ಮಾ."

ಕಥೆ ಶುರುವಾದ ಮೇಲೆ ಚಿತ್ರ ತೆಗೆಯುವ ಕೆಲಸ ಅವಳದು. ಆಯಿ ಜೀವಮಾನದಲ್ಲಿ ಟಾಕೀಜಿನ ಒಳಗೆ ಕಾಲಿಟ್ಟವಳಲ್ಲ. ಆದರೆ ದನಿಯಿಂದ ಆಳಿನ ಮೈಕಟ್ಟು ಹೇಳುತ್ತಿದ್ದಳು. ಇವನು ಬೊಜ್ಜಿನವ, ಇವನು ಸಾಲ ಮಾಡಿದವ, ಈಕೆ ಅತ್ತೆಗೆ ಹೆದರಿದಾಕೆ. ನಾಯಕಿಯರೆಲ್ಲ ಇಳಕಲ್ ಸೀರೆಯವರು. ಹಾಡು ಬಂದರೆ ಅವರು ಬಾವಿಯ ದಂಡೆಯಲ್ಲೇ ಇರುತ್ತಿದ್ದರು, ಕೊಡ ಬಗಲಲ್ಲಿ. ಹೊಡೆದಾಟ ಬಂದರೆ "ಕಣದಾಗ ತೆನಿ ಬಡಿಯಾಕತ್ತಂಗ ಬಡಿಯಾಕತ್ಯಾರ" ಅನ್ನುತ್ತಿದ್ದಳು. ಒಂದು ಗಳಿಗೆ ಮಾತ್ರ ಅವಳಿಗೆ ಕಠಿಣ: ಮಾತು ನಿಂತು ಬರೀ ಪಿಟೀಲು ಬಾರಿಸತೊಡಗಿದಾಗ.

"ಆಯಿ, ಈಗೇನ್ ನಡದೈತಿ?"

"ಏನಿಲ್ಲ. ಮಳಿ ಬರಾಕತ್ತೈತಿ. ಮಲಕೋ."

'ಜಗಜ್ಯೋತಿ ಬಸವೇಶ್ವರ' ಬಂದಾಗ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. 1959ರ ಆ ಚಿತ್ರ ನನ್ನ ಕಿವಿಗೆ ಬಿದ್ದದ್ದು ಎಪ್ಪತ್ತರ ದಶಕದಲ್ಲಿ. ಸಣ್ಣ ಊರಿನ ಡೇರೆಗೆ ಹೊಸತು ಹಳತು ಅಂತಿರಲಿಲ್ಲ. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ನನಗೆ ಬಿಜ್ಜಳನ ದನಿ ಬಲು ಹಿಡಿಸಿತು. "ಅವನs ಗೆಲ್ಲಬೇಕ" ಎಂದುಬಿಟ್ಟೆ. ಆಯಿ ಕೌದಿಯೊಳಗಿಂದ ಕೈ ತೆಗೆದು ತಲೆಗೊಂದು ಕೊಟ್ಟಳು: "ಬಾಗೇವಾಡಿ ಇಲ್ಲೇ ಬಾಜೂಕ ಐತಿ, ನೆನಪಿಟ್ಕೋ." ಅವಳ ಬಸವಣ್ಣ ಅಂದರೆ ಏಣಗಿ ಬಾಳಪ್ಪನವರು. ಕಂಪನಿ ನಾಟಕದಲ್ಲಿ ಅವರು ಬಸವಣ್ಣನಾಗಿ ರಂಗಕ್ಕೆ ಬಂದರೆ ಜನ ಎದ್ದು ಕೈಮುಗಿಯುತ್ತಿದ್ದರಂತೆ. ಆಯಿಯೂ ಮುಗಿದವಳೇ. ನಾಟಕಕ್ಕೆ ಹೋಗಬಹುದು, ಸಿನೇಮಾಕ್ಕೆ ಹೋಗಬಾರದು ಎಂಬ ಕಾನೂನು ಯಾರು ಮಾಡಿದರೋ, ನಮ್ಮ ಮನೆಯಲ್ಲಿ ಮೂರು ತಲೆಮಾರು ನಡೆಯಿತು.

ಕನ್ನಡಕ್ಕೆ ಮಾತಿನ ಸಿನೇಮಾ ಬಂದ ದಾರಿ ನಮ್ಮ ಭಾಗದವರಿಗೆ ಒಂದು ಬಗೆಯ ತಮಾಷೆ. ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಜಿನಲ್ಲಿ ತೆರೆಕಂಡಿತು. ತಯಾರಾದದ್ದು ಮಾತ್ರ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕೊಲ್ಹಾಪುರ ಬೆಂಗಳೂರಿಗಿಂತ ನಮಗೇ ಸಮೀಪ. ಮರಾಠಿ ಮಣ್ಣಿನಲ್ಲಿ ಕನ್ನಡದ ರಾವಣ ಗರ್ಜಿಸಿದ, ಬೆಂಗಳೂರಿನವರು ಕೇಳಿದರು, ನಡುವೆ ಬಿಜಾಪುರದವರು ನಾವು ಮುಂಬೈ ಸರಕಾರಕ್ಕೆ ಕಂದಾಯ ಕಟ್ಟುತ್ತ ಕೂತಿದ್ದೆವು. ಇನ್ನೊಂದು ದಿಕ್ಕಿನಿಂದಲೂ ಲೆಕ್ಕ ಸರಿಯಾಗಿದೆ: ಮರಾಠಿ, ಹಿಂದಿ ಸಿನೇಮಾದ ದೊಡ್ಡಾಳು ವಿ. ಶಾಂತಾರಾಮ್ ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಸಂಜೆ ಅಲ್ಲೇ ಒಂದು ತಗಡಿನ ಟಾಕೀಜಿನಲ್ಲಿ ಚಾಕರಿ ಮಾಡಿದವರು. ನಮ್ಮ ಊರಿಗೆ ಹಿಂದಿ ಚಿತ್ರಗಳು ಹೆಚ್ಚಾಗಿ ಬಂದರೂ ಯಾರಿಗೂ ಪರಕೀಯ ಅನಿಸಲಿಲ್ಲ. ಸಂತೆಯಲ್ಲಿ ದಖನಿ ಕೇಳಿ ಬೆಳೆದ ಕಿವಿಗಳು. 1956ರಲ್ಲಿ ಏಕೀಕರಣವಾಗಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಓಣಿಯ ಹುಡುಗರು ಶಿಳ್ಳೆ ಹಾಕಿದ್ದು ಹಿಂದಿ ಹಾಡಿಗೇ.

'ಶೋಲೆ'ಯನ್ನಂತೂ ದೇಶವೇ ಕೇಳಿತು. 1975ರಲ್ಲಿ ಚಿತ್ರ ಬಂತು, ಹಿಂದೆಯೇ ಅದರ ಸಂಭಾಷಣೆಯ ರೆಕಾರ್ಡುಗಳು. ಹಾಡಿಲ್ಲದ ರೆಕಾರ್ಡು ಯಾರು ಕೊಳ್ಳುತ್ತಾರೆ ಎಂದು ಕೇಳುವ ಮೊದಲೇ ಚಹಾದಂಗಡಿ, ಮದುವೆ ಹಂದರ, ಎಲ್ಲ ಕಡೆ ಗಬ್ಬರಸಿಂಗ್. ಒಂದು ಲಗ್ನದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಅವನು ನಕ್ಕದ್ದನ್ನು ನಾನೇ ಕೇಳಿದ್ದೇನೆ. ನಮ್ಮ ಮಾಳಿಗೆಯ ರೂಢಿ ದೇಶದ ರೂಢಿಯೂ ಆಯಿತಲ್ಲ ಎಂದು ಒಳಗೊಳಗೇ ಹೆಮ್ಮೆ.

ಮಾಳಿಗೆಯ ಸಿನೇಮಾಕ್ಕೆ ಒಂದು ಕೊರತೆ ಇತ್ತು. ರಾತ್ರಿ ಏರಿದಂತೆ ಗಾಳಿ ದಿಕ್ಕು ಬದಲಿಸಿ ಡೋಣಿ ಹೊಳೆಯ ಕಡೆಗೆ ಬೀಸತೊಡಗುತ್ತಿತ್ತು. ದನಿ ಅತ್ತ ಹಾರಿಹೋಗುತ್ತಿತ್ತು. ಕೊನೆಯ ರೀಲು ನಮಗೆ ಒಂದು ಸಲವೂ ಪೂರ್ತಿ ದಕ್ಕಲಿಲ್ಲ. ಆಯಿಗೆ ಅದೇನು ದೊಡ್ಡ ಮಾತಲ್ಲ; ಎಲ್ಲ ಕಥೆಗೂ ಅವಳಲ್ಲಿ ಒಂದೇ ಮುಗಿತಾಯ ಸಿದ್ಧವಿತ್ತು. "ಆಮ್ಯಾಲ ಎಲ್ಲಾರೂ ಕೂಡಿ ಉಂಡ್ರು, ಮಲಗಿದ್ರು." 'ಬಂಗಾರದ ಮನುಷ್ಯ'ಕ್ಕೂ ಹಾಗೆಯೇ. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಟಾಕೀಜಿನಲ್ಲಿ ಎರಡು ವರ್ಷ ಓಡಿತು. ಅದೇ 1972 ನಮ್ಮ ಜಿಲ್ಲೆಗೆ ಬರಗಾಲದ ಇಸವಿ. ಬರದ ಕೆಲಸಕ್ಕೆ ಹೋಗಿ ರಸ್ತೆ ಬದಿ ಖಡಿ ಒಡೆದವರೇ ಮುಂದೆ ಡೇರೆಯಲ್ಲಿ ಕೂತು, ರಾಜೀವನೆಂಬವನು ಬರಡು ನೆಲವನ್ನು ಹಸನು ಮಾಡುವುದನ್ನು ನೋಡಿದರು. ನಾವು ಮೇಲೆ ಕೂತು ಕೇಳಿದೆವು. ಆಯಿ ಆ ಹೊಲವನ್ನು ಡೋಣಿ ದಂಡೆಯ ಎರೆಹೊಲವೆಂದೇ ಹೇಳಿದಳು. ಬಿಳಿಜೋಳ ಆಳೆತ್ತರ ಬೆಳೆದಿತ್ತು. ಗಾಳಿ ತಿರುಗಿತು. ರಾಜೀವ ಉಂಡು ಮಲಗಿದ.

ಮೊದಲ ಸಲ ನಾನು ಒಳಗೆ ಕೂತು ನೋಡಿದ್ದು ಅದನ್ನೇ, ಕೇಳಿದ ಏಳೆಂಟು ವರ್ಷದ ಮೇಲೆ. ಅಷ್ಟರಲ್ಲಿ ಡೇರೆ ಹೋಗಿ ತಗಡಿನ ಛಾವಣಿಯ, ಬಾಕು ಹಾಕಿದ ಕಾಯಂ ಥೇಟರು ಬಂದಿತ್ತು, ಅಪ್ಪನ ಕಟ್ಟುನಿಟ್ಟೂ ಸಡಿಲಾಗಿತ್ತು. ಊರೂರು ತಿರುಗಿ ಸವೆದ ಪ್ರಿಂಟು. ಮೇಲಿಂದ ಕೆಳಗೆ ಬಿಳಿ ಗೆರೆಗಳು ಸುರಿಯುತ್ತಲೇ ಇದ್ದವು. ಬರದ ಸೀಮೆಯಲ್ಲಿ ವರ್ಷವಿಡೀ ಮಳೆಯಾಗುತ್ತಿದ್ದ ಜಾಗ ಅದೊಂದೇ. ಆಯಿ ಹೇಳುತ್ತಿದ್ದ ಮಳೆ ಸುಳ್ಳಲ್ಲ ಅನಿಸಿತು. ಉಳಿದದ್ದೆಲ್ಲ ಬೇರೆ. ಎರೆಹೊಲ ಇಲ್ಲ, ಕಲ್ಲುಬಂಡೆ. ಇಳಕಲ್ ಸೀರೆಯ ಸುಳಿವಿಲ್ಲ. ಎಲ್ಲಕ್ಕಿಂತ ಕೊನೆಯಲ್ಲಿ ರಾಜೀವ ಉಂಡು ಮಲಗಲಿಲ್ಲ. ನೊಂದು, ಮನೆ ಬಿಟ್ಟು, ನಡೆದೇಬಿಟ್ಟ.

ಮನೆಗೆ ಬಂದೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. "ಹ್ಯಾಂಗಿತ್ತೋ?" ಅಂದಳು.

"ನೀ ಹೇಳಿದಂಗs ಇತ್ತು."

ಬಹಳ ದಿನಗಳ ಮೇಲೆ ಆಪರೇಟರ್ ಕೋಣೆಯ ಒಳಗೆ ಹೋಗುವ ಭಾಗ್ಯ ಬಂತು. ಅಲ್ಲಿಯವರೆಗೆ ಆ ಕೋಣೆ ನನಗೆ ಎರಡು ಸಾಮಾನು ಮಾತ್ರ ಕೊಟ್ಟಿತ್ತು: ಉರಿದು ಉಳಿದ ಕಾರ್ಬನ್ ಕಡ್ಡಿಯ ತುಂಡು, ಕತ್ತರಿಸಿ ಎಸೆದ ಫಿಲ್ಮಿನ ಚೂರು. ಸುಟ್ಟ ಬಲ್ಬಿನ ಹಿಂಭಾಗ ಒಡೆದು, ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಅಪ್ಪನ ಧೋತರದ ಮೇಲೆ ಆ ಚೂರು ಬಿಟ್ಟರೆ ನಾಯಕ ತಲೆಕೆಳಗಾಗಿ ನಿಲ್ಲುತ್ತಿದ್ದ. ಈಗ ಆಪರೇಟರ್ ಫಿಲ್ಮು ಹಿಡಿದು ತೋರಿಸಿದರು. ಚಿತ್ರಗಳ ಪಕ್ಕದಲ್ಲಿ ಸಣ್ಣ ಡೊಂಕು ಗೆರೆ, ಅದೇ ದನಿ. ಅದರ ಮೇಲೂ ಒಂದು ದೀಪ ಬಿದ್ದರೆ ಬೆಳಕಿನ ಏರಿಳಿತವೇ ಶಬ್ದವಾಗುತ್ತದೆ. ಚಿತ್ರದ ಕಿಂಡಿಯಲ್ಲಿ ಫಿಲ್ಮು ಸೆಕೆಂಡಿಗೆ 24 ಸಲ ನಿಂತು ಜಿಗಿಯುತ್ತದೆ. ದನಿಗೆ ಹಾಗೆ ಎಡವಿದರೆ ನಡೆಯದು, ಎಣ್ಣೆಯಂತೆ ಹರಿಯಬೇಕು. ಅದಕ್ಕೇ ದನಿಯ ದೀಪ ಕಿಂಡಿಯಿಂದ ಬೇರೆ ಕಡೆ ಇರುತ್ತದೆ, ಮತ್ತು ಫಿಲ್ಮಿನಲ್ಲಿ ದನಿಯನ್ನು ತನ್ನ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದೆ ಅಚ್ಚು ಹಾಕಿರುತ್ತಾರೆ.

"ದನಿ ಮುಂದ, ಚಿತ್ರ ಹಿಂದ ಬರ್ತೈತ್ರಿ" ಎಂದರು ಅವರು.

ಒಂದು ಸೆಕೆಂಡಿಗೂ ಕಡಿಮೆ ಅಂತರ. ನನಗೆ ಅದನ್ನು ದಾಟಲು ಏಳೆಂಟು ವರ್ಷ ಹಿಡಿಯಿತು, ಅಷ್ಟೇ.

ಊರಿನ ಹೆಸರನ್ನೇ ಇಟ್ಟುಕೊಂಡ ರಾಜು ತಾಳಿಕೋಟೆಯವರ ವಿಷಯದಲ್ಲೂ ಹೀಗೇ ಆಯಿತು. ಖಾಸ್ಗತೇಶ್ವರ ನಾಟ್ಯ ಸಂಘದ ಅವರ 'ಕಲಿಯುಗದ ಕುಡುಕ' ಕ್ಯಾಸೆಟ್ಟಾಗಿ ಬಸ್ಸು, ಖಾನಾವಳಿಗಳಲ್ಲಿ ಕೇಳಿಬಂತು. ನಾಡಿನ ಬಹಳ ಜನ ಆ ದನಿಗೆ ನಕ್ಕು ನಕ್ಕು ಸುಸ್ತಾದ ಮೇಲೆ, 2009ರ 'ಮನಸಾರೆ'ಯಲ್ಲಿ ಮುಖ ನೋಡಿ "ಅಂವs ಇಂವ" ಎಂದು ಗುರುತಿಸಿದರು.

ರೀಲಿನ ಪೆಟ್ಟಿಗೆ ಬಸ್ಸಿನ ಮೇಲೆ ಬರುವುದು ನಿಂತಿತು. ಚಿತ್ರ ಉಪಗ್ರಹದಿಂದ ಇಳಿಯತೊಡಗಿತು, ಕಾರ್ಬನ್ ಕಡ್ಡಿಯ ಜಾಗಕ್ಕೆ ಪಾಸ್‌ವರ್ಡು ಬಂತು. 2020ರ ಮಾರ್ಚಿನಲ್ಲಿ ಊರೂರಿನ ಥೇಟರುಗಳು ಬಾಗಿಲು ಹಾಕಿದವು, ಕೆಲವು ಮತ್ತೆ ತೆಗೆಯಲೇ ಇಲ್ಲ. ಬೆಂಗಳೂರಿನವರು ಕಪಾಲಿ, ಕಾವೇರಿ ಥೇಟರುಗಳಿಗಾಗಿ ಮರುಗುತ್ತ ಬರೆದದ್ದನ್ನು ಓದುತ್ತೇನೆ. ನನಗೆ ಮರುಗಲು ಒಂದು ಬಯಲು ಇದೆ. ಈಗ ಅದರ ತುಂಬ ಪ್ಲಾಟಿನ ಕಲ್ಲು.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂದಿದೆ. ರಾತ್ರಿ ಹತ್ತಾದರೂ ಹಂಚಿನಂತೆ ಕಾದಿರುತ್ತದೆ. ಆದರೂ ಹಾಸಿಕೊಂಡು ಮಲಗಿದೆ. ಪಕ್ಕದ ಮನೆಯ ಹುಡುಗ ತಮ್ಮ ಮಾಳಿಗೆಯ ಮೇಲೆ ಮೊಬೈಲು ಹಿಡಿದು ಕೂತಿದ್ದ, ಕಿವಿಯಲ್ಲಿ ವಾಯರು. ಸಪ್ಪಳವೇ ಇಲ್ಲ. ಅವನ ಮುಖದ ಮೇಲೆ ಬೆಳಕು ಕೆಂಪಾಗುತ್ತಿತ್ತು, ನೀಲಿಯಾಗುತ್ತಿತ್ತು, ಒಮ್ಮೊಮ್ಮೆ ಪಟಪಟ ಮಿಂಚುತ್ತಿತ್ತು. ಕೆಂಪಾದಾಗ ಬೆಂಕಿ ಬಿದ್ದಿರಬೇಕು, ಮಿಂಚಿದರೆ ಹೊಡೆದಾಟ ಎಂದು ನಾನು ಒಂದೊಂದೇ ಜೋಡಿಸುತ್ತ ಹೋದೆ. ಆಮೇಲೆ ಬೆಳಕು ಬಹಳ ಹೊತ್ತು ಒಂದೇ ಸಮ ನಿಂತಿತು. ಹುಡುಗ ಮಿಸುಕಾಡಲಿಲ್ಲ.

"ಈಗೇನ್ ನಡದೈತೋ ತಮ್ಮಾ?" ಎಂದೆ, ತುಸು ಜೋರಾಗಿ.

ಅವನು ಒಂದು ಕಿವಿಯ ವಾಯರು ತೆಗೆದ. "ಏನಿಲ್ರಿ ಕಾಕಾ. ಮಲಕೋರಿ."