14 ಸಾವಿರ ಮತ್ತು ಕಮಿಷನ್

ನಮ್ಮ ಬ್ಯಾಚಿನವರಲ್ಲಿ ಪತ್ರಿಕೋದ್ಯಮ ಓದಿ ಅದರಲ್ಲೇ ಉಳಿದವರು ಕಡಿಮೆ. ಕೆಲವರು ಬೆಂಗಳೂರು ಸೇರಿದರು, ಕೆಲವರು ಬಿ.ಇಡಿ ಮಾಡಿದರು, ಇಬ್ಬರು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾರೆ. ಲಿಂಗಸುಗೂರಿನಲ್ಲಿ ಒಂದೇ ರೂಮಿನಲ್ಲಿ ಉಳಿದವರು ನಾವು ಮೂವರು. ನಮ್ಮಲ್ಲೊಬ್ಬ ಪದವಿಗೆ ಬರುವ ಮೊದಲು ಕೃಷಿ ಡಿಪ್ಲೊಮಾ ಮುಗಿಸಿದ್ದ. ಕಳೆದ ದಸರಾ ಹೊತ್ತಿಗೆ ಅವನಿಗೆ ಹನಿ ನೀರಾವರಿ ಸಾಮಾನು ಮಾರುವ ಡೀಲರೊಬ್ಬರಿಂದ ಕೆಲಸದ ಪತ್ರ ಬಂತು.

ಹುದ್ದೆಯ ಹೆಸರು ಫೀಲ್ಡ್ ಎಂಜಿನಿಯರ್. ಹೊಲ ಅಳೆಯುವುದು, ಬೋರ್‌ವೆಲ್ಲಿನ ನೀರು ನೋಡುವುದು, ಪೈಪಿನ ನಕ್ಷೆ ಹಾಕುವುದು, ಜೋಡಿಸಿ ಕೊಡುವುದು, ಕೆಟ್ಟರೆ ಹೋಗಿ ನೋಡುವುದು. ಸಂಬಳ ತಿಂಗಳಿಗೆ 14,000 ರೂಪಾಯಿ, ಪೆಟ್ರೋಲಿಗೆ 2,000. ಅದರ ಮೇಲೆ ವಸೂಲಾದ ಬಿಲ್ಲಿನಲ್ಲಿ ಶೇ 2 ಕಮಿಷನ್. ಪತ್ರದ ಕೊನೆಗೆ ದಪ್ಪ ಅಕ್ಷರದಲ್ಲಿ, ತಿಂಗಳಿಗೆ 30 ಸಾವಿರಕ್ಕೂ ಹೆಚ್ಚು ಗಳಿಸಬಹುದು ಎಂದಿತ್ತು.

ಆ ಪತ್ರ ಮುಂದಿಟ್ಟುಕೊಂಡು ನಾವು ಒಂದು ವಾರ ಲೆಕ್ಕ ಹಾಕಿದೆವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹುಡುಗರಿಗೆ ಇಂಥ ಪತ್ರಗಳು ಹೊಸವಲ್ಲ. ಟ್ರ್ಯಾಕ್ಟರ್, ಬೀಜ, ಗೊಬ್ಬರ, ಕ್ರಿಮಿನಾಶಕ, ಸೋಲಾರ್ ಪಂಪು, ಯಾವ ಅಂಗಡಿಯ ಕೆಲಸವಾದರೂ ಮೂಲ ಸಂಬಳ ಸಣ್ಣದು, ಕಮಿಷನ್ನಿನ ಆಸೆ ದೊಡ್ಡದು. ಅದಕ್ಕೇ ಆ ವಾರದ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಮನೆಯವರ ಮಾತು. ನಮ್ಮ ತಾಲ್ಲೂಕಿನಲ್ಲಿ ಯಾವ ಕೆಲಸ ಸಿಕ್ಕರೂ ಹಿರಿಯರು ಅದನ್ನು ಹಟ್ಟಿ ಚಿನ್ನದ ಗಣಿಯ ಪಕ್ಕ ಇಟ್ಟು ನೋಡುತ್ತಾರೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿ ಅದು, ಈಗ ರಾಜ್ಯ ಸರ್ಕಾರದ್ದು. ಅಲ್ಲಿ ನೌಕರಿ ಅಂದರೆ ತಿಂಗಳು ತಪ್ಪದ ಸಂಬಳ, ಕ್ವಾರ್ಟರ್ಸು, ಪಿಎಫ್. ಗೆಳೆಯನ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ತಪ್ಪದ ಬರೋದು ಎಷ್ಟಪಾ? ಬಂದ್ರ ಬರ್ತೈತಿ ಅನ್ನೋ ರೊಕ್ಕದ ಲೆಕ್ಕ ನನಗ ಬ್ಯಾಡ.’

ಅವರು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಮುದಗಲ್ ಕಡೆಯ ಊರಿನಲ್ಲಿ ಅವರಿಗಿರುವುದು 3 ಎಕರೆ ಖುಷ್ಕಿ. ತೊಗರಿ ರಾಶಿ ಮುಗಿದ ಕೂಡಲೇ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಅವ್ವನ ಮೊಣಕಾಲು ಎರಡು ವರ್ಷದಿಂದ ಮೆಟ್ಟಿಲು ಹತ್ತಲು ಒಪ್ಪುತ್ತಿಲ್ಲ. ಮಗನ ಸಂಬಳದಲ್ಲಿ ಮನೆ ನಡೆದರೆ ಅವ್ವ ಈ ಸಲ ಊರಲ್ಲೇ ಉಳಿಯಬಹುದು. ಇಲ್ಲವಾದರೆ ಇಬ್ಬರೂ ಬಸ್ ಹತ್ತಬೇಕು. ನಮ್ಮ ಲೆಕ್ಕ ಇಷ್ಟಕ್ಕೇ ಇತ್ತು.

ಕಮಿಷನ್ ಬದಿಗಿಟ್ಟು ಮೂಲ ಸಂಬಳದಿಂದ ಶುರು ಮಾಡಿದೆವು. ಕೆಲಸಕ್ಕೆ ಬೈಕು ಅವನದೇ. ದಿನಕ್ಕೆ 80 ಕಿಲೋಮೀಟರ್ ಓಡಾಟ ಹಿಡಿದರೆ 25 ದಿನಕ್ಕೆ 2,000 ಕಿಲೋಮೀಟರ್. ಲೀಟರಿಗೆ 50 ಕೊಟ್ಟರೂ 40 ಲೀಟರ್ ಬೇಕು, ಅಂದರೆ 4,000 ರೂಪಾಯಿಗೆ ಕಡಿಮೆಯಿಲ್ಲ. ಅವರು ಕೊಡುವುದು 2,000. ಉಳಿದ 2,000 ಸಂಬಳದಿಂದಲೇ ಹೋಗಬೇಕು. ಹಾಗಾಗಿ 14 ಸಾವಿರ ಎಂದು ಬರೆದಿದ್ದು ಕೈಗೆ ಬರುವಷ್ಟರಲ್ಲಿ 12 ಸಾವಿರ. ಬೈಕಿನ ಕಂತು, ಅವ್ವನ ಸಂಘದ ಸಾಲ, ಸಂತೆ, ಔಷಧಿ, ರೂಮಿನ ಪಾಲು ಎಲ್ಲ ಕೂಡಿಸಿದರೆ ಮನೆಗೆ ಬೇಕಾದದ್ದು 13 ಸಾವಿರ. ಒಂದು ಸಾವಿರ ಕಡಿಮೆ ಬಿತ್ತು.

ಆಮೇಲೆ ಆ 30 ಸಾವಿರದ ಮಾತು. ಎಕರೆಗೆ 50 ಸಾವಿರದ ಬಿಲ್ಲಾಗುತ್ತದೆ ಎಂದು ಹಿಡಿದೆವು. ಶೇ 2 ಅಂದರೆ ಎಕರೆಗೆ 1,000. 14ನ್ನು 30 ಮಾಡಲು ತಿಂಗಳಿಗೆ 16 ಎಕರೆಗೆ ಪೈಪು ಹಾಸಬೇಕು. ಒಬ್ಬ ರೈತನಿಗೆ ಎರಡೆಕರೆಯಂತೆ 8 ಮಂದಿ ಒಪ್ಪಬೇಕು, ಅದೂ 12 ತಿಂಗಳು ಬಿಡದೆ. ನಮ್ಮ ಕಡೆ ಒಂದೊಂದು ತಿಂಗಳಿಗೆ ಒಂದೊಂದು ಬಣ್ಣ. ನಾಟಿಗೆ ಮುಂಚೆ ಕೇಳುವವರು ಇರುತ್ತಾರೆ. ಬೆಳೆ ನಿಂತ ಮೇಲೆ ಹೊಲದಲ್ಲಿ ಪೈಪು ಎಳೆಯಲು ಯಾರೂ ಬಿಡುವುದಿಲ್ಲ.

ಸೀಮೆ ಯಾವುದೆಂಬುದೂ ಮುಖ್ಯ. ಪತ್ರದಲ್ಲಿ ಮೂರು ತಾಲ್ಲೂಕಿಗೂ ಒಂದೇ ಟಾರ್ಗೆಟ್ ಇತ್ತು. ಸಿಂಧನೂರು ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ನಾಡು. ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುವವರ ಮುಂದೆ ಹನಿ ನೀರಾವರಿ ಮಾತೆತ್ತಿದರೆ ಚಹಾ ಕುಡಿಸಿ ಕಳಿಸುತ್ತಾರೆ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು 5ಎ ಕಾಲುವೆಗಾಗಿ ಧರಣಿ ಕೂತಿದ್ದು ನಮಗೆಲ್ಲ ನೆನಪಿದೆ. ಅಲ್ಲಿ ಮೊದಲು ನೀರೇ ಬೇಕು. ಬೋರ್‌ವೆಲ್ ನಂಬಿ ದಾಳಿಂಬೆ, ಪಪ್ಪಾಯ, ಮೆಣಸಿನಕಾಯಿ ಹಾಕುವವರು ಹೆಚ್ಚಾಗಿ ಸಿಗುವುದು ಲಿಂಗಸುಗೂರಿನ ಒಣ ಭಾಗದಲ್ಲಿ. ಯಾವ ಸೀಮೆ ಕೊಡುತ್ತಾರೆ ಎಂದು ಗೊತ್ತಾಗದೆ ಕಮಿಷನ್ ಎಷ್ಟೆಂದು ಹೇಳಲು ಬರುವುದಿಲ್ಲ.

ಮಳೆ, ಡ್ಯಾಮುಗಳ ಕಥೆ ಬೇರೆ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. 2025-26ರಲ್ಲಿ ಗೇಟುಗಳನ್ನು ಬದಲಿಸುವ ಕೆಲಸಕ್ಕೆ ಎರಡನೇ ಬೆಳೆಗೆ ನೀರಿರಲಿಲ್ಲ. ರೈತನ ಕೈ ಖಾಲಿಯಾದ ವರ್ಷ ಪೇಟೆಯ ಎಲ್ಲ ಅಂಗಡಿಯ ಗಲ್ಲಾ ಖಾಲಿ. ಸಂಬಳದವನಿಗೆ ಆ ವರ್ಷವೂ ಸಂಬಳ ಬರುತ್ತದೆ. ಕಮಿಷನ್ನಿನವನು ಮಾತ್ರ ಹೊಲ ಇಲ್ಲದೆಯೂ ರೈತನ ಹಾಗೇ ಮುಗಿಲು ನೋಡಬೇಕು. ವ್ಯಾಪಾರಸ್ಥನ ನಷ್ಟದಲ್ಲಿ ಒಂದು ಪಾಲು ಹುಡುಗನ ಹೆಗಲಿಗೆ ಬಂದಿರುತ್ತದೆ.

‘ವಸೂಲಾದ ಬಿಲ್’ ಎಂಬ ಮಾತನ್ನೂ ಬಿಡಿಸಿ ನೋಡಿದೆವು. ನಮ್ಮ ರಾಜ್ಯದಲ್ಲಿ ಹನಿ ನೀರಾವರಿಗೆ 2 ಹೆಕ್ಟೇರ್‌ವರೆಗೆ ಶೇ 90 ಸಹಾಯಧನವಿದೆ. ಪಹಣಿ, ಆಧಾರ್, ಫ್ರೂಟ್ಸ್ ಐಡಿ, ಇಲಾಖೆಯವರ ಸ್ಥಳ ಪರಿಶೀಲನೆ, ಅನುದಾನದ ಬಿಡುಗಡೆ, ಇಷ್ಟೆಲ್ಲ ದಾಟಿ ಹಣ ಬರಬೇಕು. ಪೈಪು ಇಂದು ಹಾಸಿದರೂ ಕಮಿಷನ್ ಯಾವ ತಿಂಗಳಿಗೆ ಎಂದು ಹೇಳುವವರಿಲ್ಲ. ಅಷ್ಟರಲ್ಲಿ ಹುಡುಗ ಕೆಲಸ ಬಿಟ್ಟಿದ್ದರೆ ಆ ಹಣ ಯಾರಿಗೆ? ಪತ್ರದಲ್ಲಿ ಅದರ ಮಾತೇ ಇರಲಿಲ್ಲ.

ಪಿಎಫ್ ಬಗ್ಗೆ ಒಂದು ಮಾತು. 1952ರ ಪಿಎಫ್ ಕಾನೂನು ಮೂಲ ವೇತನದ ಲೆಕ್ಕದಿಂದ ಕಮಿಷನ್ನನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ವೇತನದ ಅರ್ಥದೊಳಗೆ ಕಮಿಷನ್ ಬರುವುದಿಲ್ಲ. ಹೀಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಕೊಡುವ ಹಣದ ಅರ್ಧ ದಾಟಿದರೆ ಮಾತ್ರ ದಾಟಿದಷ್ಟು ವೇತನಕ್ಕೆ ಸೇರುತ್ತದೆ. 20ಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗೆ ಪಿಎಫ್ ಕಡ್ಡಾಯವೂ ಅಲ್ಲ. ಎದೆಯ ಮೇಲೆ ಕಂಪನಿಯ ಹೆಸರಿನ ಟೀ ಶರ್ಟ್ ಇದ್ದರೂ ಸಂಬಳ ಕೊಡುವವರು ಡೀಲರ್. ಯಾರ ನೌಕರ ಎಂದು ಬರೆದಿದೆ ಎಂಬುದನ್ನು ಪತ್ರದಲ್ಲಿ ಹುಡುಕಿ ಓದಬೇಕು.

ಇಲ್ಲಿಯವರೆಗೆ ಬಂದದ್ದು ರೊಕ್ಕದ ಲೆಕ್ಕ. ಅದಕ್ಕಿಂತ ಕಷ್ಟದ್ದು ನೀರಿನ ಲೆಕ್ಕ. ಅದನ್ನು ತೋರಿಸಿದವನು ಗೆಳೆಯನೇ.

ಅವನ ಸೋದರಮಾವನಿಗೆ 4 ಎಕರೆ ಹೊಲ, ಒಂದು ಬೋರ್‌ವೆಲ್ ಇದೆ. ಅಳಿಯನಿಗೆ ಕೆಲಸ ಸಿಗುತ್ತದೆಂದು ಕೇಳಿದವರೇ ‘ಮೊದಲನೇ ಗಿರಾಕಿ ನಾನೇ, ನಾಲ್ಕೂ ಎಕರೆಗೆ ಹಾಕಿಬಿಡು’ ಎಂದಿದ್ದರು. ಗೆಳೆಯ ಒಂದು ಭಾನುವಾರ ಹೋಗಿ 200 ಲೀಟರಿನ ಡ್ರಮ್ಮಿಗೆ ಬೋರಿನ ನೀರು ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿದ. ತುಂಬಲು 100 ಸೆಕೆಂಡು. ಅಂದರೆ ತಾಸಿಗೆ 7,200 ಲೀಟರ್. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕರೆಂಟ್ ಎಂಬುದು ಸರ್ಕಾರದ ಲೆಕ್ಕ. ಅಷ್ಟೂ ಸಿಕ್ಕರೆ 50,400 ಲೀಟರ್. ಒಂದು ಎಕರೆಗೆ 1 ಮಿಲಿಮೀಟರ್ ನೀರು ಅಂದರೆ ಸುಮಾರು 4,047 ಲೀಟರ್. ಎರಡೆಕರೆಗೆ ಹಂಚಿದರೆ ದಿನಕ್ಕೆ 6 ಮಿಲಿಮೀಟರ್ ದಾಟುತ್ತದೆ, ನಾಲ್ಕೆಕರೆಗೆ ಹಂಚಿದರೆ 3 ಮಾತ್ರ. ನಮ್ಮ ಬೇಸಿಗೆಯಲ್ಲಿ ತುಂಬಿ ನಿಂತ ಬೆಳೆ ಕೇಳುವುದು 6ರ ಆಸುಪಾಸು.

ಲೆಕ್ಕ ಸ್ಪಷ್ಟವಾಗಿತ್ತು. ನೀರಿರುವುದು ಎರಡೆಕರೆಗೆ. ಕಮಿಷನ್ ಎರಡೆಕರೆಗೆ 2,000, ನಾಲ್ಕೆಕರೆಗೆ 4,000. ಸಹಾಯಧನ ಇರುವುದರಿಂದ ಮಾವನಿಗೂ ನಾಲ್ಕೆಕರೆ ಹಾಕಿಸುವುದು ಭಾರವೆನಿಸುವುದಿಲ್ಲ. ಡೀಲರಿಗೂ ಖುಷಿ. ಏಪ್ರಿಲ್‌ನಲ್ಲಿ ಗಿಡ ಬಾಡಿದಾಗ ಬೋರ್‌ವೆಲ್ ಬತ್ತಿತು ಎನ್ನುತ್ತಾರೆಯೇ ಹೊರತು ನಕ್ಷೆ ತಪ್ಪಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಒಮ್ಮೆ ಸಹಾಯಧನ ಪಡೆದ ಹೊಲಕ್ಕೆ ಮತ್ತೆ ಸಿಗಬೇಕಾದರೆ 7 ವರ್ಷ ಕಾಯಬೇಕು.

ದನದ ಸಂತೆಯಲ್ಲಿ ದಲಾಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವಾಗ ಅವನು ದಲಾಲಿ ಎಂದು ಇಡೀ ಸಂತೆಗೆ ಗೊತ್ತಿರುತ್ತದೆ. ಅವನ ಮಾತಿನಲ್ಲಿ ಎಷ್ಟು ಕಳೆಯಬೇಕು ಎಂಬ ಅಂದಾಜು ರೈತನಿಗಿದೆ. ಎಂಜಿನಿಯರ್ ಎಂದು ಬಂದವನ ಟೇಪಿನ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ. ಅಳೆಯುವವನೂ ಅವನೇ, ಹೆಚ್ಚು ಅಳತೆ ಬಂದರೆ ಹೆಚ್ಚು ದುಡಿಯುವವನೂ ಅವನೇ ಎಂಬುದು ಹೊಲದಲ್ಲಿ ನಿಂತ ರೈತನಿಗೆ ಕಾಣುವುದಿಲ್ಲ.

ಈ ತೊಡಕು ನಮಗೆ ಹೊರಗಿನದಲ್ಲ. ನಮ್ಮಲ್ಲಿ ಉಳಿದಿಬ್ಬರು ತಾಲ್ಲೂಕು ವರದಿಗಾರರು. ಸುದ್ದಿಗೆ ಸಿಗುವುದು ಅಷ್ಟಕ್ಕಷ್ಟೆ, ತಂದ ಜಾಹೀರಾತಿನಲ್ಲಿ ಒಂದು ಪಾಲು ನಮ್ಮದು. ಮುಖಂಡರ ಹುಟ್ಟುಹಬ್ಬದ ಜಾಹೀರಾತು ತಂದ ವಾರವೇ ಅವರ ಊರಿನ ರಸ್ತೆಯ ಸುದ್ದಿ ಬರೆಯಬೇಕಾಗಿ ಬಂದರೆ ಪೆನ್ನು ಒಂದು ಗಳಿಗೆ ತಡೆಯುತ್ತದೆ. ಬರೆದೇ ಬರೆಯುತ್ತೇವೆ. ಆದರೆ ಆ ತಡೆ ಎಂಥದೆಂದು ಬಲ್ಲೆವು.

ದೊಡ್ಡ ಪೇಟೆಗಳಲ್ಲೂ ಇದೇ ತೊಡಕು. ಮ್ಯೂಚುವಲ್ ಫಂಡ್ ಮಾರುವವರ ಕಮಿಷನ್ನಿಗಾಗಿ ಹೂಡುವವರ ಹಣದಲ್ಲಿ ಮೊದಲೇ ಒಂದು ಭಾಗ ಹಿಡಿಯುತ್ತಿದ್ದರು. 2009ರ ಆಗಸ್ಟ್ 1ರಿಂದ ಸೆಬಿ ಅದನ್ನು ನಿಲ್ಲಿಸಿತು. ಸಲಹೆ ಕೊಡುವವರಿಗೂ ಮಾರುವವರಿಗೂ ನಡುವೆ ಗೆರೆ ಎಳೆಯಲು 2013ರಲ್ಲಿ ಬೇರೆ ನಿಯಮವನ್ನೇ ತಂದಿತು. ಹೊಲದ ಬದುವಿನ ಮೇಲೆ ಅಂಥ ಗೆರೆ ಎಳೆಯುವವರು ಯಾರೂ ಇಲ್ಲ. ಹುಡುಗನೇ ಎಳೆದುಕೊಳ್ಳಬೇಕು. ಎಳೆದುಕೊಳ್ಳಬೇಕಾದರೆ ಮೂಲ ಸಂಬಳದಲ್ಲಿ ಮನೆ ನಡೆಯಬೇಕು. ಮನೆಯಲ್ಲಿ ಹಿಟ್ಟಿನ ಡಬ್ಬಿ ತಳ ಕಂಡ ದಿನ ಡ್ರಮ್ಮು ತುಂಬಲು 100 ಸೆಕೆಂಡು ಬೇಕಾದರೂ 60 ಎಂದು ಬರೆಯುವ ಆಸೆ ಯಾರಿಗಾದರೂ ಹುಟ್ಟೀತು. ನಮ್ಮ ವಾರದ ಲೆಕ್ಕದಲ್ಲಿ ಕೊನೆಗೆ ನಿಂತ ಮಾತು ಇದು: ಮೂಲ ಸಂಬಳ ಸುಳ್ಳು ಹೇಳದೆ ಬದುಕುವಷ್ಟಿರಬೇಕು, ಕಮಿಷನ್ ಬಂದರೆ ಹಬ್ಬಕ್ಕಾಯಿತು.

ಗೆಳೆಯ ಪತ್ರ ತೆಗೆದುಕೊಂಡು ಡೀಲರ್ ಹತ್ತಿರ ಹೋದ. ನಾಲ್ಕು ಮಾತು ಕೇಳಿದ. ಮೂಲ ಸಂಬಳ 16 ಸಾವಿರ ಮಾಡಬೇಕು, ಪೆಟ್ರೋಲಿಗೆ ಓಡಿದಷ್ಟು ಕೊಡಬೇಕು. ಕೆಲಸ ಬಿಟ್ಟರೂ ಹಾಸಿದ ಪೈಪಿನ ಕಮಿಷನ್ ಸಿಗುತ್ತದೆಂದು ಬರೆದುಕೊಡಬೇಕು. ಕಮಿಷನ್ನಿನ ಅರ್ಧವನ್ನು ಒಂದು ಬೆಳೆ ದಾಟಿ, ನೀರು ಎಲ್ಲ ಗಿಡಕ್ಕೂ ಮುಟ್ಟಿದೆ ಎಂದು ನೋಡಿ ಕೊಡಬೇಕು. ಕೊನೆಯದನ್ನು ಕೇಳಿ ಅವರು ನಕ್ಕರಂತೆ: ‘ಎಲ್ರೂ ಮೊದ್ಲು ಕೊಡ್ರಿ ಅಂತಾರ, ನೀ ಆಮ್ಯಾಲೆ ಕೊಡ್ರಿ ಅಂತಿಯಲ್ಲೋ ತಮ್ಮ!’ ಅದಕ್ಕೆ ಒಪ್ಪಲಿಲ್ಲ. ಸಂಬಳ 15 ಸಾವಿರಕ್ಕೆ, ಪೆಟ್ರೋಲು 3,500ಕ್ಕೆ ಬಂತು. ಬಿಟ್ಟುಹೋದ ಮೇಲಿನ ಕಮಿಷನ್ ಮಾತು ಪತ್ರದಲ್ಲಿ ಸೇರಿತು. ಸೀಮೆ ಲಿಂಗಸುಗೂರು ಎಂದಾಯಿತು. ಪೆಟ್ರೋಲ್ ಕಳೆದು ಕೈಗೆ 14,500. ಮನೆಯ 13 ಸಾವಿರ ದಾಟಿತು. ಅವನು ಸೇರಿದ.

ನಿಮ್ಮ ಕೈಗೂ ಇಂಥ ಪತ್ರ ಬಂದರೆ ‘ಎಷ್ಟು ಗಳಿಸಬಹುದು’ ಎಂಬ ಸಾಲನ್ನು ಕೊನೆಗೆ ಓದಿ. ಏನೂ ಮಾರದ ತಿಂಗಳಲ್ಲಿ ಕೈಗೆ ಬರುವುದೆಷ್ಟು, ಸೀಮೆ ಯಾವುದು, ಕಮಿಷನ್ ಬಿಲ್ಲಾದಾಗಲೋ ಹಣ ಬಂದಾಗಲೋ, ಟಾರ್ಗೆಟ್ ಮುಟ್ಟದಿದ್ದರೆ ಮೂಲ ಸಂಬಳ ಕಡಿಯುತ್ತಾರೋ ಎಂದು ಕೇಳಿ. ಮೂರು ವರ್ಷದಿಂದ ಅಲ್ಲೇ ಇರುವ ಹುಡುಗನನ್ನು ಹುಡುಕಿ ಮಾತಾಡಿಸಿ. ಅಂಥವನೊಬ್ಬನೂ ಸಿಗದಿದ್ದರೆ ಅದೂ ಒಂದು ಉತ್ತರವೇ.

ಸೋದರಮಾವನಿಗೆ ಎರಡೇ ಎಕರೆಯ ನಕ್ಷೆ ಹಾಕಿಕೊಟ್ಟ. ‘ಅಳಿಯ ಅಂತ ಕರ್ದ್ರ ನನ್ನ ಹೊಲಾನ ಅರ್ಧ ಮಾಡಿದಿ’ ಎಂದು ಮಾವ ಎರಡು ವಾರ ಮಾತು ಬಿಟ್ಟಿದ್ದರು. ಈಗ ಎರಡೆಕರೆ ಮೆಣಸಿನಕಾಯಿ ಹಾಕಿದ್ದಾರೆ. ಸಹಾಯಧನ ಇನ್ನೂ ಬಂದಿಲ್ಲ, ಆದ್ದರಿಂದ ಆ 2,000 ಕಮಿಷನ್ನೂ ಬಂದಿಲ್ಲ. ಸಂಕ್ರಾಂತಿ ಮುಗಿಸಿ ಅಪ್ಪ ಒಬ್ಬರೇ ಬೆಂಗಳೂರಿನ ಬಸ್ ಹತ್ತಿದರು. ಅವ್ವ ಊರಲ್ಲೇ ಇದ್ದಾಳೆ.